ಇಡೀ ದಿನದ ಹಿಪ್ ಹಾಪ್ ಉತ್ಸವಕ್ಕೆ ಗೆಳತಿಯ ಜೊತೆ ಹೊರಡುವ ಮುನ್ನ

ಟಿಕೆಟ್ ಕೊಳ್ಳುವುದಕ್ಕೆ ಮೊದಲು ಇಬ್ಬರೂ ಕೂತು ಯಾರ ಹಾಡನ್ನು ಕೇಳಲೇಬೇಕು ಎಂದು ಬರೆದುಕೊಳ್ಳಿ. ಒಬ್ಬೊಬ್ಬರಿಗೆ ಮೂರು ಹೆಸರು ಸಾಕು. ಇಂಥ ಉತ್ಸವಗಳಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಒಬ್ಬರಾದ ಮೇಲೊಬ್ಬರು ವೇದಿಕೆ ಹತ್ತುತ್ತಲೇ ಇರುತ್ತಾರೆ. ಎಲ್ಲವನ್ನೂ ಒಂದೇ ಉಮೇದಿನಲ್ಲಿ ಕೇಳುತ್ತೇವೆ ಎಂದು ಹೊರಟವರು ಸಂಜೆ ಆರರ ಹೊತ್ತಿಗೆ ನೆಲದ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಕಾದಿದ್ದ ಕಲಾವಿದ ಬರುವಾಗ ಕಾಲಿನಲ್ಲಿ ಕಸುವು ಉಳಿದಿರುವುದಿಲ್ಲ. ಆರು ಹೆಸರುಗಳಿಗೆ ನಿಂತು, ಕುಣಿದು, ಕೂಗಿ ಕೇಳಿ. ಉಳಿದದ್ದನ್ನು ಕೂತು ಕೇಳಿ, ಅಡ್ಡಾಡುತ್ತಾ ಕೇಳಿ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ನನ್ನ ಗೆಳತಿ ಚಿಕ್ಕಂದಿನಿಂದ ಭರತನಾಟ್ಯ ಕಲಿತವಳು. ಹಿಪ್ ಹಾಪ್‌ನಲ್ಲಿ ತಾಳಕ್ಕೆ ಹೇಳುವ ಪ್ರಾಸದ ಮಾತೇ ರ‍್ಯಾಪ್. ರ‍್ಯಾಪ್‌ನಲ್ಲಿ ನನ್ನನ್ನು ಹಿಡಿದಿಡುವುದು ಮಾತು, ಅವಳನ್ನು ಹಿಡಿದಿಡುವುದು ತಾಳ. ಇಷ್ಟು ಬೇರೆ ಬೇರೆ ಅಭಿರುಚಿಯ ಇಬ್ಬರು ಒಟ್ಟಿಗೆ ಹೋಗುವುದೇ ಒಳ್ಳೆಯದು ಎಂಬುದು ನನ್ನ ದೃಢವಾದ ನಂಬಿಕೆ. ಅವಳು ತೋರಿಸಿಕೊಡದಿದ್ದರೆ, ಕುಣಿಯುವವರು ಒಬ್ಬರಾದ ಮೇಲೊಬ್ಬರು ನಡುವೆ ಇಳಿದು ಪೈಪೋಟಿ ನಡೆಸುವ ನೃತ್ಯದ ವೃತ್ತದ ಕಡೆಗೆ ನಾನು ತಲೆ ಹಾಕುತ್ತಿರಲಿಲ್ಲ. ನಾನು ಹೇಳದಿದ್ದರೆ ಅವಳು ಸಾಹಿತ್ಯಕ್ಕೆ ಕಿವಿ ಕೊಡುತ್ತಿರಲಿಲ್ಲ.

ಉತ್ಸವದ ಹಿಂದಿನ ವಾರ ಇಬ್ಬರೂ ಹಾಡುಗಳ ಪಟ್ಟಿಯನ್ನು ಅದಲುಬದಲು ಮಾಡಿಕೊಳ್ಳಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಬಯಲಿನಲ್ಲಿ, ದೊಡ್ಡ ಸ್ಪೀಕರುಗಳ ಮುಂದೆ, ಮೊದಲ ಬಾರಿಗೆ ಕೇಳುವ ರ‍್ಯಾಪ್‌ನ ಅರ್ಧದಷ್ಟು ಮಾತು ಬೇಸ್ ಎನ್ನುವ ಕೆಳಸ್ಥಾಯಿಯ ಸದ್ದಿನ ಅಬ್ಬರದಲ್ಲಿ ಮುಚ್ಚಿಹೋಗುತ್ತದೆ. ಮನೆಯಲ್ಲಿ ಮೊದಲೇ ಕೇಳಿದ್ದರೆ ಮನಸ್ಸು ಆ ಮಾತುಗಳನ್ನು ತಾನೇ ತುಂಬಿಕೊಳ್ಳುತ್ತದೆ. ಕನ್ನಡದಲ್ಲಿ ಶುರು ಮಾಡುವುದಾದರೆ ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟ್-ಓ ಇದ್ದಾರೆ. ನಮ್ಮ ಬೆಂಗಳೂರಿನಿಂದಲೇ ಹೆಸರು ಮಾಡಿದ ಬ್ರೋಧಾ ವಿ, ಸ್ಮೋಕಿ ದ ಘೋಸ್ಟ್, ಸಿರಿ ಇದ್ದಾರೆ. ಕೇರಳದಲ್ಲಿ ಹುಟ್ಟಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದು, ಬೆಂಗಳೂರಿನ ವೇದಿಕೆಗಳಲ್ಲಿ ಪಳಗಿದ ಹನುಮಾನ್‌ಕೈಂಡ್ ಇದ್ದಾರೆ. 2024ರಲ್ಲಿ ಅವರನ್ನು ಜಗತ್ತಿಗೆಲ್ಲ ಪರಿಚಯಿಸಿದ ವಿಡಿಯೊ ಚಿತ್ರೀಕರಣವಾದದ್ದು ನಮ್ಮ ಜಾತ್ರೆಗಳಲ್ಲಿ ಬೈಕ್ ಸುತ್ತುವ ಮರಣ ಬಾವಿಯೊಳಗೆ.

ಈಗ ಕೇಳುವ ಬಗೆ. ಎಷ್ಟೋ ಜನ ರ‍್ಯಾಪನ್ನು ಬರೀ ವೇಗದ ಮಾತು ಎಂದುಕೊಂಡಿರುತ್ತಾರೆ. ಅಂಥ ಗೆಳತಿಯನ್ನು ಕರೆದುಕೊಂಡು ಹೋಗುವುದಾದರೆ ಅವಳಿಗೆ ಎಣಿಸುವುದನ್ನು ಹೇಳಿಕೊಡಿ. ಒಂದು ಬಾರ್ ಎಂದರೆ ನಾಲ್ಕು ಏಟು. ಸಾಮಾನ್ಯವಾಗಿ ಒಂದು ಮತ್ತು ಮೂರನೆಯ ಏಟಿಗೆ ಕಿಕ್ ಡ್ರಮ್ಮಿನ ದಪ್ಪ ಸದ್ದು, ಎರಡು ಮತ್ತು ನಾಲ್ಕಕ್ಕೆ ಸ್ನೇರ್ ಡ್ರಮ್ಮಿನ ಚಟ್ ಎನ್ನುವ ಸದ್ದು. ಚಪ್ಪಾಳೆ ತಟ್ಟಬೇಕಾದದ್ದು ಆ ಎರಡು ಮತ್ತು ನಾಲ್ಕಕ್ಕೆ. ನನ್ನ ಗೆಳತಿಗೆ ಇದು ಆದಿತಾಳದ ಮೂಲಕ ಒಲಿಯಿತು. ಎಂಟೆಣಿಕೆಯ ಒಂದು ಆವರ್ತಕ್ಕೆ ಸರಿಯಾಗಿ ಎರಡು ಬಾರ್. ಸಾಲಿನಲ್ಲಿ ನಿಂತಿರುವಾಗಲೇ ತೊಡೆಯ ಮೇಲೆ ಒಂದು ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಎಂದು ಹಾಕುತ್ತಾ ಹೋದಳು. ಒಳಗಿನಿಂದ ಬರುತ್ತಿದ್ದ ಸದ್ದಿಗೆ ಅವಳ ಬೆರಳು ಎಲ್ಲಿಯೂ ತಪ್ಪಲಿಲ್ಲ.

ನನಗೆ ಅದೇ ವಿಷಯ ಛಂದಸ್ಸಿನ ದಾರಿಯಿಂದ ಬಂತು. ನಾಲ್ಕು ಏಟಿನಲ್ಲಿ ಪ್ರತಿಯೊಂದನ್ನೂ ನಾಲ್ಕಾಗಿ ಒಡೆದರೆ ಒಂದು ಬಾರಿನಲ್ಲಿ 16 ಜಾಗಗಳಾಗುತ್ತವೆ. ನಮ್ಮ ಮಂದಾನಿಲ ರಗಳೆಯ ಒಂದು ಸಾಲಿನಲ್ಲಿಯೂ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ. ತರಗತಿಯಲ್ಲಿ ಪ್ರಸ್ತಾರ ಹಾಕಿಸಲು ನಾನೇ ಕಟ್ಟಿದ ಎರಡು ಸಾಲು ಇಲ್ಲಿವೆ:

ಹಗಲಿನ ಬಿಸಿಲಲಿ ಸಾಲಲಿ ನಿಂದೆವು
ಮುಗಿಯದ ಹಾಡಿಗೆ ಕುಣಿಯುತ ಬಂದೆವು

ಯಾವುದಾದರೂ ನಿಧಾನಗತಿಯ ಬೀಟ್ ಹಾಕಿಕೊಂಡು ಇದನ್ನು ಹೇಳಿ ನೋಡಿ. ‘ಹಗಲಿನ’ದ ಮೊದಲ ಅಕ್ಷರ ಕಿಕ್ ಮೇಲೆ ಬೀಳುತ್ತದೆ, ‘ಬಿಸಿಲಲಿ’ ಸ್ನೇರ್ ಮೇಲೆ, ‘ಸಾಲಲಿ’ ಮತ್ತೆ ಕಿಕ್ ಮೇಲೆ, ‘ನಿಂದೆವು’ ಸ್ನೇರ್ ಮೇಲೆ. ಎರಡನೆಯ ಅಕ್ಷರದ ‘ಗ’ ಎರಡೂ ಸಾಲಿನಲ್ಲಿ ಆದಿಪ್ರಾಸ, ಕೊನೆಯ ‘ನಿಂದೆವು–ಬಂದೆವು’ ಅಂತ್ಯಪ್ರಾಸ. ಒಳ್ಳೆಯ ರ‍್ಯಾಪರ್ ಇಷ್ಟಕ್ಕೆ ನಿಲ್ಲುವುದಿಲ್ಲ. ಸಾಲಿನ ನಡುವೆ ಪ್ರಾಸ ಹೂಡುತ್ತಾನೆ, ಮಾತನ್ನು ಏಟಿಗಿಂತ ಒಂದು ಮಾತ್ರೆ ತಡಮಾಡಿ ಎತ್ತುತ್ತಾನೆ, ಒಂದು ಬಾರಿನ ಮಾತನ್ನು ಮುಂದಿನ ಬಾರಿಗೆ ಹರಿಯಬಿಡುತ್ತಾನೆ. ಗುರು ಲಘು ಎಂದರೆ ಮುಖ ಸಿಂಡರಿಸುವ ನನ್ನ ವಿದ್ಯಾರ್ಥಿಗಳೇ ಬೀಟ್ ಹಾಕಿದಾಗ ಬೆಂಚು ಬಡಿಯುತ್ತಾ ಮಾತ್ರೆ ಎಣಿಸುತ್ತಾರೆ. ಉತ್ಸವದಲ್ಲಿ ಹಾಡು ಅರ್ಥವಾಗದ ಭಾಷೆಯಲ್ಲಿದ್ದರೂ ಈ ಎಣಿಕೆ ಗೊತ್ತಿದ್ದರೆ ನಿಮಗೆ ಕೇಳಲು ಬೇಕಾದಷ್ಟು ಇರುತ್ತದೆ.

ಇನ್ನು ಹೋಗುವ ದಿನ. ಜಾಗ ಅರಮನೆ ಮೈದಾನವಾದರೆ ಟಿಕೆಟಿನಲ್ಲಿ ಯಾವ ಗೇಟು ಎಂದು ಬರೆದಿದೆ ನೋಡಿಕೊಳ್ಳಿ. ತ್ರಿಪುರವಾಸಿನಿ, ಗಾಯತ್ರಿ ವಿಹಾರ್, ಪ್ರಿನ್ಸೆಸ್ ಶ್ರೈನ್ ಎಂದು ಒಂದೊಂದು ಭಾಗಕ್ಕೂ ಒಂದೊಂದು ಹೆಸರಿದೆ. ಬಳ್ಳಾರಿ ರಸ್ತೆಯ ಬದಿಯಲ್ಲಿ ಇಳಿದು ಜಯಮಹಲ್ ರಸ್ತೆಯ ಬದಿಗೆ ನಡೆಯುವುದು ಬಿಸಿಲಿನಲ್ಲಿ ಸಣ್ಣ ದೂರವಲ್ಲ. ಆಟೊದವರಿಗೆ ಮೈದಾನದ ಹೆಸರಿನ ಜೊತೆಗೆ ಗೇಟಿನ ಹೆಸರನ್ನೂ ಹೇಳಿ. ಮೆಜೆಸ್ಟಿಕ್‌ನಿಂದ ಹೆಬ್ಬಾಳದ ಕಡೆಗೆ ಹೋಗುವ ಬಿಎಂಟಿಸಿ ಬಸ್ಸುಗಳು ಮೈದಾನದ ಬಳಿಯ ಮೇಖ್ರಿ ವೃತ್ತದ ಮೇಲೆಯೇ ಹೋಗುತ್ತವೆ. ರಾಜ್ಯದ ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ, ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ಉತ್ಸವ ತುಮಕೂರು ರಸ್ತೆಯ ಮಾದಾವರದ ಕಡೆ ಇದ್ದರೆ ಯೋಚನೆಯೇ ಇಲ್ಲ, 2024ರ ನವೆಂಬರಿನಿಂದ ಹಸಿರು ಮಾರ್ಗದ ಮೆಟ್ರೊ ಅಲ್ಲಿಯವರೆಗೆ ಹೋಗುತ್ತದೆ. ಸ್ವಂತ ಗಾಡಿ ಬೇಡ. ರಾತ್ರಿ ಎಲ್ಲರೂ ಒಟ್ಟಿಗೆ ಹೊರಡುವಾಗ ಪಾರ್ಕಿಂಗ್‌ನಿಂದ ಹೊರಗೆ ಬರುವುದಕ್ಕೇ ಬಹಳ ಹೊತ್ತು ಹಿಡಿಯುತ್ತದೆ.

ಹೊಟ್ಟೆಯನ್ನು ಹೊರಗೇ ಗಟ್ಟಿ ಮಾಡಿಕೊಂಡು ಒಳಗೆ ಹೋಗಿ. ಅರಮನೆ ಮೈದಾನಕ್ಕೆ ಹೋಗುವ ದಿನ ನಾವು ಮಲ್ಲೇಶ್ವರದ ಮಾರ್ಗೋಸಾ ರಸ್ತೆಯ ವೀಣಾ ಸ್ಟೋರ್ಸ್‌ನಲ್ಲಿ ಇಡ್ಲಿ ತಿಂದು, ಫುಟ್‌ಪಾತಿನ ಮೇಲೆ ನಿಂತು ಕಾಫಿ ಕುಡಿದೇ ಹೊರಡುತ್ತೇವೆ. ಬೆಣ್ಣೆ ಮಸಾಲೆ ದೋಸೆಯೇ ಬೇಕೆಂದರೆ ಅದೇ ರಸ್ತೆಯಲ್ಲಿ ಸಿಟಿಆರ್ ಇದೆ. ಭಾನುವಾರ ಅಲ್ಲಿ ಕಾಯುವುದಕ್ಕೆ ಸಮಯ ಇಟ್ಟುಕೊಂಡಿರಬೇಕು.

ಬ್ಯಾಗು ಸಣ್ಣದಿರಲಿ. ನೀರಿನ ಬಾಟಲಿ, ಕೊಡೆ, ಸುಗಂಧದ ಶೀಶೆಯನ್ನು ಭದ್ರತಾ ತಪಾಸಣೆಯಲ್ಲಿ ತೆಗೆಸುವುದು ವಾಡಿಕೆ, ಟಿಕೆಟಿನ ಜೊತೆಗೆ ಬರುವ ನಿಯಮಗಳನ್ನು ಓದಿಕೊಳ್ಳಿ. ಮಳೆಗಾಲದ ಕೊನೆಯಾದರೆ ಮಡಚುವ ರೇನ್‌ಕೋಟು, ಡಿಸೆಂಬರ್–ಜನವರಿಯಾದರೆ ಸಂಜೆಯ ಚಳಿಗೆ ಒಂದು ಶಾಲು. ಹಳೆಯ ಕ್ಯಾನ್ವಾಸ್ ಷೂ, ತಲೆಗೆ ಟೋಪಿ. ಸ್ವಲ್ಪ ನಗದು ಇರಲೇಬೇಕು, ಏಕೆಂದರೆ ಸಾವಿರಾರು ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಕೈಕೊಟ್ಟು ಯುಪಿಐ ನಿಂತುಹೋಗುತ್ತದೆ. ಟಿಕೆಟಿನ ಕ್ಯೂಆರ್ ಕೋಡ್ ಮತ್ತು ಕಾರ್ಯಕ್ರಮದ ವೇಳಾಪಟ್ಟಿಯ ಚಿತ್ರ ಇಬ್ಬರ ಮೊಬೈಲಿನಲ್ಲಿಯೂ ಇರಲಿ.

ಕಿವಿಗೆ ಇಯರ್‌ಪ್ಲಗ್ ತಪ್ಪದೆ ಒಯ್ಯಿರಿ. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು ಎಂಬುದು ತಜ್ಞರು ಬಳಸುವ ಒಂದು ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಮುಟ್ಟುವ ಹೊತ್ತಿಗೆ ಉಳಿಯುವುದು ಹದಿನೈದು ನಿಮಿಷ. ವೇದಿಕೆಯ ಮುಂದೆ ಅಷ್ಟು ಸದ್ದು ಸಾಮಾನ್ಯ. ಫೋಮ್ ಪ್ಲಗ್ಗನ್ನು ಬೆರಳಿನಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಅರಳುವವರೆಗೆ ಒತ್ತಿ ಹಿಡಿಯಿರಿ. ಮಾತು ಸ್ಪಷ್ಟವಾಗಿ ಕೇಳಬೇಕು ಎನ್ನುವವರು ಸಂಗೀತಗಾರರಿಗೆಂದೇ ಮಾಡಿರುವ ಪ್ಲಗ್ ಕೊಳ್ಳಿ. ಅದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮನೆ ತಗ್ಗಿಸುತ್ತದೆ.

ಒಳಗೆ ಹೋದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಬೇರೆಯಾದರೆ ಮತ್ತೆ ಸೇರುವ ಜಾಗವನ್ನು ಗೊತ್ತುಮಾಡಿಕೊಳ್ಳುವುದು. ‘ಸ್ಟೇಜಿನ ಹತ್ತಿರ’ ಎಂದರೆ ಯಾರೂ ಸಿಗುವುದಿಲ್ಲ. ಜನರ ನಡುವೆ, ವೇದಿಕೆಗೆ ಎದುರಾಗಿ, ಸೌಂಡ್ ಎಂಜಿನಿಯರ್ ಕೂರುವ ಕಟಕಟೆ ಇರುತ್ತದಲ್ಲ, ಅದರ ಎಡ ಮೂಲೆ ಎಂದು ನಿಖರವಾಗಿ ಹೇಳಿಕೊಳ್ಳಿ. ಅಲ್ಲಿ ಇನ್ನೊಂದು ಲಾಭವೂ ಇದೆ. ಎಂಜಿನಿಯರ್ ತನ್ನ ಕಿವಿಗೆ ಸರಿಯೆನಿಸುವಂತೆ ಸದ್ದನ್ನು ಹದಗೊಳಿಸುವುದು ಆ ಜಾಗದಿಂದಲೇ, ಹಾಗಾಗಿ ಮಾತು ಅಲ್ಲಿ ಚೆನ್ನಾಗಿ ಬಿಡಿಸಿ ಕೇಳುತ್ತದೆ. ಪಟ್ಟಿಯಲ್ಲಿರುವ ನನ್ನ ಮೂವರನ್ನು ನಾನು ಅಲ್ಲಿ ನಿಂತೇ ಕೇಳುತ್ತೇನೆ.

ಒಂದೆರಡು ಗಂಟೆ ಬೇರೆ ಬೇರೆಯಾಗಿ ಹೋಗಿ. ನಾನು ವೇದಿಕೆಗೆ, ಅವಳು ಬ್ರೇಕಿಂಗ್ ನೃತ್ಯದ ವೃತ್ತಕ್ಕೆ. ಆಮೇಲೆ ಕೂಡಿ, ನೀರು ಕುಡಿಯುತ್ತಾ, ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಅರ್ಧ ಗಂಟೆ ನನಗೆ ಆ ದಿನದ ಅತ್ಯಂತ ಪ್ರಿಯವಾದ ಭಾಗ. ಅವಳು ಒಮ್ಮೆ ನನ್ನನ್ನು ಕೈಹಿಡಿದು ಎಳೆದುಕೊಂಡೇ ಹೋಗಿ ಒಬ್ಬ ಹುಡುಗನನ್ನು ತೋರಿಸಿದಳು. ನೆಲದ ಮೇಲೆ ಗಿರ್ರನೆ ಸುತ್ತುತ್ತಿದ್ದವನು ಸ್ನೇರ್ ಏಟಿಗೆ ಸರಿಯಾಗಿ ಒಂದೇ ಅಂಗೈಯ ಮೇಲೆ ತಲೆಕೆಳಗಾಗಿ ಗಕ್ಕನೆ ನಿಂತುಬಿಟ್ಟ. ಅದಕ್ಕೆ ಫ್ರೀಜ್ ಎನ್ನುತ್ತಾರೆ. ‘ಅವನ ಮೊಣಕೈ ನೋಡು’ ಎಂದಳು. ಮೊಣಕೈಯನ್ನು ಪಕ್ಕೆಗೆ ಊರಿ, ಇಡೀ ಮೈಯ ಭಾರವನ್ನು ಅದರ ಮೇಲೆ ಹೊತ್ತಿದ್ದ. ಕಾಲಿನ ಬೆರಳು ಕೂಡ ಅಲುಗುತ್ತಿರಲಿಲ್ಲ. ನಾನೊಬ್ಬಳೇ ನೋಡಿದ್ದರೆ ಮೊಣಕೈ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಈ ವೃತ್ತವನ್ನು ಪಕ್ಕದ ಮನರಂಜನೆ ಎಂದು ಬಿಡಬೇಡಿ, ಹಿಪ್ ಹಾಪ್ ಹುಟ್ಟಿದ್ದೇ ಕುಣಿಯುವವರಿಗಾಗಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ತನ್ನ ತಂಗಿಗಾಗಿ ನಡೆಸಿಕೊಟ್ಟ ಕೂಟವನ್ನು ಇದರ ಹುಟ್ಟಿದ ದಿನವೆಂದು ಆಚರಿಸುತ್ತಾರೆ. ಹಾಡಿನಲ್ಲಿ ಗಾಯನ ನಿಂತು ಡ್ರಮ್ ಮಾತ್ರ ಉಳಿಯುವ ತುಣುಕಿಗೆ ಜನ ಹೆಚ್ಚು ಕುಣಿಯುವುದನ್ನು ಗಮನಿಸಿದ ಆತ, ಅದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ಲುಗಳಲ್ಲಿಟ್ಟು ಆ ತುಣುಕನ್ನು ಮತ್ತೆ ಮತ್ತೆ ನುಡಿಸುವ ಉಪಾಯ ಕಂಡುಕೊಂಡ. ಬ್ರೇಕ್ ಎನ್ನುವ ಆ ತುಣುಕಿಗೆ ಕುಣಿದ ನೃತ್ಯವೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೆ ಹೋಯಿತು. ಡಿಜೆ ವೇದಿಕೆಯಲ್ಲಿದ್ದಾಗ ಅವರ ಕೈಗಳನ್ನೇ ನೋಡಿ. ಒಂದು ಕೈ ರೆಕಾರ್ಡನ್ನು ಹಿಂದೆ ಮುಂದೆ ಎಳೆಯುವಾಗ ಇನ್ನೊಂದು ಕೈ ಎರಡು ಟರ್ನ್‌ಟೇಬಲ್ಲುಗಳ ನಡುವಿನ, ಅತ್ತಿತ್ತ ಜಾರುವ ಪುಟ್ಟ ಗುಂಡಿಯನ್ನು ಆಡಿಸುತ್ತಾ ಸದ್ದನ್ನು ಕತ್ತರಿಸುತ್ತಿರುತ್ತದೆ. ವೃತ್ತದ ಸುತ್ತ ನಿಂತಾಗ ಗೆರೆಯೊಳಗೆ ಕಾಲಿಡಬೇಡಿ, ಹಿಂದಿನವರಿಗೆ ಅಡ್ಡವಾಗಿ ಮೊಬೈಲ್ ಎತ್ತಬೇಡಿ, ಸೋತವರಿಗೂ ಚಪ್ಪಾಳೆ ತಟ್ಟಿ.

ಊಟವನ್ನು ಐದು ಗಂಟೆಗೆ ಮುಗಿಸಿಕೊಳ್ಳಿ, ಏಳಕ್ಕೆ ಅಂಗಡಿಗಳ ಮುಂದೆ ನಿಲ್ಲಲು ಜಾಗವಿರುವುದಿಲ್ಲ.

ಕತ್ತಲಾದ ಮೇಲೆ ಮುಂದಿನ ಸಾಲುಗಳಲ್ಲಿ ನೂಕಾಟ ಹೆಚ್ಚುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಈ ಊರಿನಲ್ಲಿ ಯಾರೂ ಅದನ್ನು ಮರೆಯಬಾರದು. ಹೊರಹೋಗುವ ದಾರಿ ಎಲ್ಲಿದೆ ಎಂದು ಹಗಲಿನಲ್ಲೇ ನೋಡಿಟ್ಟುಕೊಳ್ಳಿ. ಸುತ್ತಲಿನವರ ಭುಜಗಳು ನಾಲ್ಕೂ ಕಡೆಯಿಂದ ನಿಮಗೆ ತಾಗಿ ಕೈಯೆತ್ತುವುದು ಕಷ್ಟವಾದರೆ, ಹಾಡು ಎಂಥದ್ದೇ ಇರಲಿ, ಹೊರಗೆ ಬನ್ನಿ. ಎರಡೂ ಮುಂಗೈಗಳನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಳ್ಳಿ, ತಳ್ಳುವಿಕೆಗೆ ಎದುರು ನಿಲ್ಲದೆ ಅದು ತಗ್ಗಿದಾಗಲೆಲ್ಲ ಓರೆಯಾಗಿ ಅಂಚಿನ ಕಡೆಗೆ ಸರಿಯಿರಿ. ಬಿದ್ದ ವಸ್ತುವಿಗೆ ಬಗ್ಗಬೇಡಿ. ಬಿದ್ದವರನ್ನು ಮಾತ್ರ ಕೂಡಲೇ ಎತ್ತಿ.

ಬಯಲಿನಲ್ಲಿ ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧವಿರುವುದರಿಂದ ಕಾರ್ಯಕ್ರಮ ಸಾಮಾನ್ಯವಾಗಿ ಹತ್ತಕ್ಕೆ ಮುಗಿಯುತ್ತದೆ. ಮೆಟ್ರೊ ಕಾರ್ಡಿಗೆ ಮೊದಲೇ ಹಣ ತುಂಬಿಸಿಟ್ಟಿರಿ, ಕೊನೆಯ ರೈಲಿನ ಸಮಯ ನೋಡಿಟ್ಟಿರಿ. ಕೊನೆಯ ಹಾಡಾದ ಮೇಲೆ ಹತ್ತಿಪ್ಪತ್ತು ನಿಮಿಷ ಒಳಗೇ ಕೂತು, ಗೇಟಿನ ಜನ ಕರಗಿದ ಮೇಲೆ ಹೊರಡಿ. ಆಟೊ ಬೇಕಾದರೆ ಗೇಟಿನೆದುರು ಚೌಕಾಸಿ ಮಾಡುವುದಕ್ಕಿಂತ ದೀಪವಿರುವ ಮುಖ್ಯರಸ್ತೆಗೆ ಇಬ್ಬರೂ ನಡೆದುಹೋಗುವುದು ಮೇಲು. ಹತ್ತಿದ ಗಾಡಿಯ ಸಂಖ್ಯೆಯನ್ನು ಮನೆಗೆ ಕಳುಹಿಸಿ. ತೊಂದರೆಯಾದರೆ 112ಕ್ಕೆ ಕರೆ ಮಾಡಿ.

ಮರುದಿನ ಕಿವಿಗೆ ಪೂರ್ತಿ ವಿರಾಮ ಕೊಡಿ, ಇಯರ್‌ಫೋನ್ ಮುಟ್ಟಬೇಡಿ. ಗುಂಯ್‌ಗುಟ್ಟುವುದು ಒಂದೆರಡು ದಿನವಾದರೂ ಹೋಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರ ಬಳಿ ತೋರಿಸಿ, ತಡಮಾಡಬೇಡಿ.