ಕುಂಡದಲ್ಲಿ ಡ್ಯಾಂಡೆಲಿಯನ್ ಬೆಳೆಸಿ, ಎಲೆ ಬಸ್ಸಾರಿಗೆ, ಬೇರು ಕಾಫಿಗೆ

ಕಾಫಿಪುಡಿ ಅಂಗಡಿಯಲ್ಲಿ ‘ಚಿಕೋರಿ ಎಷ್ಟು ಹಾಕಲಿ?’ ಅಂತ ಕೇಳುತ್ತಾರಲ್ಲ, ಆ ಚಿಕೋರಿ ಡ್ಯಾಂಡೆಲಿಯನ್‌ನ ಹತ್ತಿರದ ನೆಂಟ. ಎರಡರ ಬೇರನ್ನೂ ಹುರಿದು, ಪುಡಿ ಮಾಡಿ ಕುಡಿಯುತ್ತಾರೆ. ಉತ್ತರ ಕರ್ನಾಟಕದವರು ಜೋಳದ ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿಯೂ ಇದೇ ಬಳಗದ್ದು. ಹಾಗಾಗಿ ಬೆಂಗಳೂರಿನ ಬಾಲ್ಕನಿಗೆ ಈ ಗಿಡ ಬಂದರೆ ಅಡುಗೆಮನೆಗೆ ಅದೇನೂ ಹೊಸಬ ಅಲ್ಲ.

ಮೊದಲು ಗುರುತು ಹಿಡಿಯಿರಿ

ನಮ್ಮ ಖಾಲಿ ಸೈಟುಗಳಲ್ಲಿ ಕಾಣುವ ಹಳದಿ ಹೂವೆಲ್ಲ ಡ್ಯಾಂಡೆಲಿಯನ್ ಅಲ್ಲ. ಹೆಚ್ಚಿನವು ಅದರ ದಾಯಾದಿಗಳು. ಪರೀಕ್ಷೆ ಸುಲಭ. ಡ್ಯಾಂಡೆಲಿಯನ್‌ಗೆ ನೆಲದ ಮೇಲೆ ಕಾಂಡವೇ ಕಾಣುವುದಿಲ್ಲ. ಅಂಚು ಹಲ್ಲುಹಲ್ಲಾದ ಎಲೆಗಳು ನೆಲಕ್ಕೆ ಅಂಟಿಕೊಂಡು ಸುತ್ತ ಹರಡುತ್ತವೆ. ನಡುವಿನಿಂದ ಒಂದು ದಂಟು ಏಳುತ್ತದೆ. ಅದಕ್ಕೆ ಎಲೆ ಇಲ್ಲ, ಕವಲಿಲ್ಲ, ಒಳಗೆ ಟೊಳ್ಳು, ಮುರಿದರೆ ಬಿಳಿ ಹಾಲು. ತುದಿಯಲ್ಲಿ ಒಂದೇ ಹೂವು. ದಂಟು ಕವಲೊಡೆದು ನಾಲ್ಕಾರು ಹೂ ಬಿಟ್ಟಿದೆಯಾ? ಅದು ಬೇರೆ ಗಿಡ.

ಆ ಒಂದು ಹೂವೂ ನಿಜವಾಗಿ ಒಂದಲ್ಲ. ಸೇವಂತಿ, ಸೂರ್ಯಕಾಂತಿಯ ಹಾಗೆ ನೂರಾರು ಪುಟ್ಟ ಹೂಗಳ ಗೊಂಚಲು. ಬಿಸಿಲಿಗೆ ಅರಳಿ, ಸಂಜೆಗೆ ಮುಚ್ಚಿಕೊಳ್ಳುತ್ತದೆ. ಮುಂದಿನದು ಇನ್ನೂ ಸ್ವಾರಸ್ಯ. ಬಹುತೇಕ ಡ್ಯಾಂಡೆಲಿಯನ್‌ಗಳಿಗೆ ಬೀಜ ಕಟ್ಟಲು ಪರಾಗವೇ ಬೇಕಿಲ್ಲ. ತಾಯಿಯ ಪಡಿಯಚ್ಚಾದ ಬೀಜ ತಾನಾಗಿ ಬಲಿಯುತ್ತದೆ. ಆದರೂ ಹಳದಿ ಬಣ್ಣ, ಮಕರಂದ ಎಲ್ಲ ಉಳಿಸಿಕೊಂಡಿದೆ. ಜೇನುಹುಳಗಳಿಗೆ ಅದು ಪುಕ್ಕಟೆ ಲಾಭ, ಅಲ್ವಾ?

ಬೀಜದ ತಲೆ ಮೇಲಿನ ಬಿಳಿ ಕೊಡೆಯಲ್ಲಿ ಸುಮಾರು 100 ಎಳೆಗಳಿರುತ್ತವೆ. ಎಳೆಗಳ ನಡುವೆ ಗಾಳಿ ನುಸುಳಿ, ಕೊಡೆಯ ಮೇಲೆ ಉಂಗುರದಂಥ ಸುಳಿಯಾಗಿ ನಿಲ್ಲುತ್ತದೆ. ಆ ಸುಳಿಯೇ ಬೀಜವನ್ನು ತೇಲಿಸುತ್ತದೆ ಎಂದು ಎಡಿನ್‌ಬರೊ ವಿಜ್ಞಾನಿಗಳು 2018ರಲ್ಲಿ ತೋರಿಸಿದರು. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಕೊಡೆ ಮಡಚಿಕೊಳ್ಳುತ್ತದೆ.

ಬಿತ್ತುವುದು

ಇದು ಚಳಿ ಇಷ್ಟಪಡುವ ಗಿಡ. ದಸರಾ, ದೀಪಾವಳಿ ಹೊತ್ತಿಗೆ ಬಿತ್ತಿ. ಬೀಜವನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಕುಂಡ ಅಗಲಕ್ಕಿಂತ ಆಳ ಇರಲಿ, ಕನಿಷ್ಠ ಒಂದು ಅಡಿ. ಮೂಲಂಗಿಯ ಹಾಗೆ ತಾಯಿಬೇರು ನೇರ ಕೆಳಗಿಳಿಯುತ್ತದೆ. ನಮ್ಮ ಕೆಮ್ಮಣ್ಣು ಗಟ್ಟಿ, ಅದಕ್ಕೆ ಸಮ ಸಮ ಗೊಬ್ಬರ, ಕೋಕೋಪೀಟ್ ಬೆರೆಸಿ. ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು, ಆಳಕ್ಕೆ ಹೂಳಬೇಡಿ. ಮೊಳೆಯಲು ಬೆಳಕು ಬೇಕು. ಸ್ಪ್ರೇ ಬಾಟಲಿಯಿಂದ ತೇವ ಕಾಪಾಡಿ. ಎರಡು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಕುಂಡಕ್ಕೆ ಒಂದೆರಡು ಸಸಿ ಉಳಿಸಿ, ಮಿಕ್ಕಿದ್ದನ್ನು ಕಿತ್ತುಬಿಡಿ.

ಎಲೆ

ಎರಡು ತಿಂಗಳಾದ ಮೇಲೆ ಹೊರಗಿನ ಎಲೆಗಳನ್ನು ಕೊಯ್ಯುತ್ತಾ ಹೋಗಬಹುದು. ನಡುವಿನ ಸುಳಿ ಮುಟ್ಟಬೇಡಿ. ಶಿವರಾತ್ರಿಗೆ ಚಳಿ ‘ಶಿವ ಶಿವ’ ಅಂತ ಓಡಿದ ಮೇಲೆ ಎಲೆ ಕಹಿಯಾಗುತ್ತದೆ, ಹೂ ಬಿಟ್ಟ ಮೇಲೆ ಇನ್ನೂ ಕಹಿ. ಕಹಿ ಇಳಿಸಲು ಒಂದು ಉಪಾಯವಿದೆ: ಕೊಯ್ಯುವ ಒಂದು ವಾರ ಮುಂಚೆ ಗಿಡದ ಮೇಲೆ ಇನ್ನೊಂದು ಕುಂಡ ಮಗುಚಿ ಹಾಕಿ. ಬೆಳಕಿಲ್ಲದೆ ಎಲೆ ಬಿಳಿಚಿ ಮೆತ್ತಗಾಗುತ್ತದೆ.

ಎಳೆ ಎಲೆಯನ್ನು ಹೆಸರುಬೇಳೆ ಕೋಸಂಬರಿಗೆ ಹೆಚ್ಚಿ ಹಾಕಬಹುದು. ಬಲಿತದ್ದನ್ನು ಉಪ್ಪುನೀರಲ್ಲಿ ಒಂದು ಕುದಿ ಕುದಿಸಿ, ನೀರು ಬಸಿದು, ಬಸ್ಸಾರಿಗೋ ಪಲ್ಯಕ್ಕೋ ಬಳಸಿ. ಬಸಿದ ನೀರು ಕಹಿ, ಸಾರಿಗೆ ಸೇರಿಸಬೇಡಿ. ನನ್ನ ಕೇಳಿದರೆ ಹಕ್ಕರಕಿ ತಿನ್ನುವ ರೀತಿಯೇ ಇದಕ್ಕೆ ಸರಿ: ಹಸಿ ಎಲೆ, ಶೇಂಗಾ ಚಟ್ನಿ, ಮೇಲೆ ಎಣ್ಣೆ, ರೊಟ್ಟಿ. 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 187 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕಾಶ್ಮೀರದಲ್ಲಿ ಈ ಸೊಪ್ಪನ್ನು ಒಣಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ, ಬಾಣಂತಿಯರಿಗೂ ಬೇಯಿಸಿ ಕೊಡುತ್ತಾರೆ.

ಇದರಲ್ಲಿ ವಿಟಮಿನ್ ಕೆ ತುಂಬಾ ಇದೆ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ತಿನ್ನಬೇಡಿ. ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರೂ ಅಷ್ಟೇ. ಪಾರ್ಥೇನಿಯಂನಿಂದ ಮೈ ತುರಿಸುವವರಿಗೂ ಈ ಮಾತು ಅನ್ವಯಿಸುತ್ತದೆ, ಎರಡೂ ಒಂದೇ ಕುಟುಂಬದ ಗಿಡ. ‘ಲಿವರ್ ಶುದ್ಧಿ ಮಾಡುತ್ತದೆ’ ಅನ್ನುವ ವಾಟ್ಸ್ಆ್ಯಪ್ ಮಾತನ್ನು ಸುಮ್ನೆ ಬಿಟ್ಟುಬಿಡಿ. ರಾಜಕಾಲುವೆ ಬದಿ, ಪಾರ್ಕು, ರಸ್ತೆ ಪಕ್ಕದಿಂದ ಇದನ್ನಾಗಲೀ ಇದರ ದಾಯಾದಿಗಳನ್ನಾಗಲೀ ಕಿತ್ತು ತರಬೇಡಿ. ಹೊಗೆ, ಕಳೆನಾಶಕ, ನಾಯಿ ಮೂತ್ರ ಎಲ್ಲ ಜೊತೆಗೆ ಬರುತ್ತವೆ.

ಬೇರಿನ ಕಾಫಿ

ಇದಕ್ಕೆ ತಾಳ್ಮೆ ಬೇಕು. ಬೇಸಿಗೆಯಲ್ಲಿ ಕುಂಡವನ್ನು ಅರೆನೆರಳಿಗೆ ಸರಿಸಿ, ಮುಂದಿನ ಚಳಿಗಾಲದವರೆಗೆ ಗಿಡ ಉಳಿಸಿಕೊಳ್ಳಿ. ಆಮೇಲೆ ಕುಂಡ ಬೋರಲು ಹಾಕಿ ಬೇರು ತೆಗೆಯಿರಿ. ಮಣ್ಣು ಹೋಗುವಂತೆ ಬ್ರಷ್ಷಿನಿಂದ ಉಜ್ಜಿ ತೊಳೆದು, ಸಣ್ಣಗೆ ಹೆಚ್ಚಿ, ಮುರಿದರೆ ಪಟ್ಟೆನ್ನುವ ತನಕ ಬಿಸಿಲಲ್ಲಿ ಒಣಗಿಸಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ, ಕೈಯಾಡಿಸುತ್ತಲೇ ಇರಿ. ಬೇರಲ್ಲಿ ಇನುಲಿನ್ ಎಂಬ ಪಿಷ್ಟದಂಥ ವಸ್ತು ಇದೆ. ಹುರಿದಾಗ ಬಣ್ಣ, ಘಮ, ತುಸು ಸಿಹಿ ಬರಲು ಅದೂ ಕಾರಣ. ಕಾಫಿ ಬೀಜದ ಬಣ್ಣ ಬಂದ ಕೂಡಲೇ ಇಳಿಸಿ, ಕಪ್ಪಾದರೆ ಕೆಟ್ಟಿತು. ಆರಿದ ಮೇಲೆ ಮಿಕ್ಸಿಗೆ ಹಾಕಿ.

ಇದರಲ್ಲಿ ಕೆಫೀನ್ ಇಲ್ಲ. ಬರೀ ಇದನ್ನೇ ಕುಡಿಯುವುದಾದರೆ ಒಂದು ಚಮಚ ಪುಡಿ ನೀರಿಗೆ ಹಾಕಿ ಐದು ನಿಮಿಷ ಕುದಿಸಿ, ಸೋಸಿ, ಹಾಲು ಬೆರೆಸಿ. ಆದರೆ ಇದನ್ನು ಕಾಫಿ ಅಂದುಕೊಂಡು ಕುಡಿದರೆ ನಿರಾಸೆಯೇ. ಮೂರು ಭಾಗ ಕಾಫಿಪುಡಿಗೆ ಒಂದು ಭಾಗ ಇದನ್ನು ಸೇರಿಸಿ, ಚಿಕೋರಿಯ ಜಾಗದಲ್ಲಿ ಫಿಲ್ಟರ್‌ಗೆ ಹಾಕುವುದು ವಾಸಿ. ಒಂದು ಕುಂಡದ ಬೇರು ನಾಲ್ಕೈದು ಲೋಟಕ್ಕೆ ಬಂದರೆ ಹೆಚ್ಚು.

ಬೇರಿನ ಮೇಲ್ತುದಿಯನ್ನು ಒಂದಿಂಚು ಕತ್ತರಿಸಿ ಮತ್ತೆ ಅದೇ ಕುಂಡದಲ್ಲಿ ನೆಡಿ, ಚಿಗುರುತ್ತದೆ. ಹೂ ಬಾಡಿ ಮುಚ್ಚಿಕೊಂಡ ಕೂಡಲೇ ದಂಟು ಕತ್ತರಿಸುತ್ತಾ ಬನ್ನಿ. ಒಂದು ವೇಳೆ ಬಿಳಿ ಕೊಡೆ ಬಿಚ್ಚಿದರೆ ಪಕ್ಕದ ಮನೆಯವರ ಗುಲಾಬಿ ಕುಂಡದಲ್ಲೂ ನಿಮ್ಮ ಡ್ಯಾಂಡೆಲಿಯನ್ ಹುಟ್ಟುತ್ತದೆ.