ನೀರ ಹನಿ ಫೋಟೊ: ಮೊದಲು ಫ್ಲ್ಯಾಶ್ ಪವರ್ ಇಳಿಸಿ

ಹನಿ ಮಸುಕಾಗಿ ಬರುತ್ತಿದ್ದರೆ ಶಟರ್ ವೇಗದ ಹಿಂದೆ ಬೀಳಬೇಡಿ. ಹನಿಯನ್ನು ಹಿಡಿದು ನಿಲ್ಲಿಸುವುದು ಫ್ಲ್ಯಾಶ್. ಫುಲ್ ಪವರ್‌ನಲ್ಲಿ ಅದು ಹೆಚ್ಚು ಹೊತ್ತು ಬೆಳಗುತ್ತದೆ, ಅಷ್ಟರಲ್ಲಿ ಹನಿ ಜರುಗಿರುತ್ತದೆ. ಫ್ಲ್ಯಾಶ್ ಪವರನ್ನು 1/32ಕ್ಕೆ ಇಳಿಸಿ; ಬೆಳಕು ಸಾಲದಿದ್ದರೆ ಫ್ಲ್ಯಾಶನ್ನೇ ಹತ್ತಿರ ತನ್ನಿ. ಶಟರ್ 1/160 ಸೆಕೆಂಡ್, ಅಪರ್ಚರ್ (ಲೆನ್ಸ್ ತೆರೆದಿರುವ ಅಳತೆ) ಎಫ್/11, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400ರಿಂದ ಶುರು ಮಾಡಿ. ಕೋಣೆ ಮಬ್ಬಾಗಿರಲಿ, ಇಲ್ಲವಾದರೆ ಹನಿಯ ಜೊತೆ ಮಸುಕು ಗೆರೆಯೊಂದು ಮೂಡುತ್ತದೆ.

ಫೋಕಸ್‌ಗೆ ಹನಿ ಬೀಳುವ ನೀರಿನ ತಟ್ಟೆಯ ಮೇಲೆ ಅಡ್ಡಲಾಗಿ ಪೆನ್ಸಿಲ್ ಇಡಿ. ಹನಿ ಅದರ ಮೇಲೆಯೇ ಬೀಳುವಂತೆ ಸರಿಸಿ, ಆ ಜಾಗಕ್ಕೆ ಫೋಕಸ್ ಮಾಡಿ, ಆಟೊಫೋಕಸ್ ಆಫ್ ಮಾಡಿ, ಆಮೇಲೆ ಪೆನ್ಸಿಲ್ ತೆಗೆಯಿರಿ.

ಫ್ಲ್ಯಾಶ್ ಹನಿಯತ್ತ ಬೇಡ, ಹನಿಯ ಹಿಂದೆ ಬಿಳಿ ಹಾಳೆ ನಿಲ್ಲಿಸಿ ಅದರತ್ತ ತಿರುಗಿಸಿ. ನೇರ ಬೆಳಕು ಬಿದ್ದರೆ ಹನಿಯ ಮೇಲೆ ಕಣ್ಣು ಕುಕ್ಕುವ ಬಿಳಿ ಚುಕ್ಕೆ ಉಳಿಯುತ್ತದೆ. ತಟ್ಟೆಯಲ್ಲಿ ನೀರು ಅಂಚಿನವರೆಗೂ ತುಂಬಿರಲಿ.