ಮನೆ ಕೊನೆಗೆ ನೋಡಿ, ಬೀದಿ ಮೊದ್ಲು ನೋಡಿ: ಮಕ್ಕಳಿರೋರಿಗೆ ಒಳ್ಳೆ ಏರಿಯಾ ಹುಡ್ಕೋದು, ಅಲ್ಲಿ ಚೆನ್ನಾಗಿರೋದು ಹೇಗೆ

ಸಿಟೀಲಿ ಸಂಸಾರ ಸಮೇತ ಇರಕ್ಕೆ ಒಂದು ಚೆಂದದ ಏರಿಯಾ ಬೇಕು ಅಂತ ಹೊರಟೋರು ಸಾಮಾನ್ಯವಾಗಿ ಮನೆಯಿಂದಾನೇ ಶುರು ಮಾಡ್ತಾರೆ, ಎಷ್ಟು ರೂಮು, ಬಾಲ್ಕನಿ ಯಾವ ಕಡೆ, ಕಪಾಟು ಹೇಗಿದೆ ಅಂತ. ದಯವಿಟ್ಟು ಮನೇನ ಕೊನೆಗೆ ಇಟ್ಕೊಳ್ಳಿ. ಒಳಗಡೆ ಏನು ಸರಿ ಇಲ್ದಿದ್ರೂ ಇವತ್ತಲ್ಲ ನಾಳೆ ಸರಿ ಮಾಡಿಸ್ಬೋದು, ಆದ್ರೆ ಮುಂದಿನ ರೋಡಲ್ಲಿ ಗಾಡಿಗಳು ಎಷ್ಟು ಸ್ಪೀಡಲ್ಲಿ ಹೋಗ್ತವೆ, ಫುಟ್‌ಪಾತ್ ಇದ್ಯಾ, ಮರ ಇದ್ಯಾ, ಇದ್ಯಾವ್ದೂ ನಿಮ್ಮೊಬ್ರ ಕೈಲಿಲ್ಲ, ಮಕ್ಕಳು ಅರ್ಧ ಬೆಳೆಯೋದು ಆ ಬೀದೀಲೇ.

ಬ್ರೋಕರ್ ಕರ್ಕೊಂಡು ಹೋಗೋದು ಯಾವಾಗ್ಲೂ ಬೆಳಗ್ಗೆ ಹನ್ನೊಂದು ಗಂಟೆ ಹೊತ್ತಿಗೆ, ಎಲ್ರೂ ಕೆಲ್ಸಕ್ಕೆ ಸ್ಕೂಲಿಗೆ ಹೋಗಿರ್ತಾರೆ, ಎಲ್ಲಾ ಏರಿಯಾನೂ ಆಗ ಶಾಂತವಾಗೇ ಇರತ್ತೆ. ನೀವೇ ಬೇರೆ ಬೇರೆ ಹೊತ್ತಲ್ಲಿ ಹೋಗಿ. ಸ್ಕೂಲ್ ಬಿಡೋ ಟೈಮಲ್ಲಿ ಒಂದ್ಸಲ, ರಜೆ ದಿನ ಸಂಜೆ ಒಂದ್ಸಲ, ರಾತ್ರಿ ಊಟ ಆದ್ಮೇಲೆ ಒಂದ್ಸಲ, ಸಾಧ್ಯ ಆದ್ರೆ ಜೋರು ಮಳೆ ಬಂದ ಮಾರನೇ ದಿನಾನೂ. ಗೋಡೆ ಬುಡದಲ್ಲಿ ನೀರಿನ ಕಲೆ ಎಷ್ಟು ಎತ್ತರಕ್ಕಿದೆ ಅಂತ ಅವತ್ತು ಕಾಣೋ ಹಾಗೆ ಇನ್ಯಾವತ್ತೂ ಕಾಣಲ್ಲ.

ಈಗ ಟ್ರಾಫಿಕ್ ವಿಷ್ಯ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. 1960ರ ದಶಕದ ಕೊನೇಲಿ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನೋ ನಗರ ವಿನ್ಯಾಸ ತಜ್ಞರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೂರು ಬೀದಿ ತಗೊಂಡು ಸ್ಟಡಿ ಮಾಡಿದ್ರು, ಮನೆಗಳು ಹೆಚ್ಚುಕಮ್ಮಿ ಒಂದೇ ಥರದವು, ಆದ್ರೆ ಒಂದರಲ್ಲಿ ದಿನಕ್ಕೆ ಸುಮಾರು 2,000 ಗಾಡಿ, ಇನ್ನೊಂದರಲ್ಲಿ 8,000, ಮೂರನೇದ್ರಲ್ಲಿ 16,000. ಗಾಡಿ ಕಮ್ಮಿ ಇರೋ ಬೀದಿಯವ್ರಿಗೆ ಅದೇ ಬೀದೀಲಿ ಸರಾಸರಿ 3 ಜನ ಸ್ನೇಹಿತರು, ಗಾಡಿ ಜಾಸ್ತಿ ಇರೋ ಕಡೆ 1ಕ್ಕಿಂತ ಕಮ್ಮಿ. ಅಂದ್ರೆ ನಾವು "ಇಲ್ಲಿ ಜನ ಯಾರ ಜೊತೇನೂ ಬೆರೆಯಲ್ಲಪ್ಪ" ಅಂತ ಬೈಕೋತೀವಲ್ಲ, ಎಷ್ಟೋ ಕಡೆ ತಪ್ಪು ಜನರದ್ದಲ್ಲ, ರೋಡಿನದ್ದು.

ಸ್ಪೀಡು ಅಂತೂ ಇನ್ನೂ ಮುಖ್ಯ. ಮನೆಗಳ ನಡುವಿನ ರಸ್ತೇಲಿ ಗಂಟೆಗೆ 30 ಕಿ.ಮೀ. ಮಿತಿ ಇರ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, 30 ಇದ್ದಿದ್ದು 50 ಆದ್ರೆ ಡಿಕ್ಕಿಯ ಹೊಡೆತದ ಶಕ್ತಿ ಹತ್ತತ್ರ ಮೂರು ಪಟ್ಟಾಗತ್ತೆ, ಬ್ರೇಕ್ ಹಾಕಿ ನಿಲ್ಸೋಕೆ ಬೇಕಾಗೋ ಜಾಗಾನೂ ಜಾಸ್ತಿ. ಬೋರ್ಡ್ ನೋಡಿ ನಂಬ್ಬೇಡಿ. ನೇರವಾಗಿ, ಅಗಲವಾಗಿ ಇರೋ ರೋಡಲ್ಲಿ ಬೋರ್ಡ್ ಇದ್ರೂ ಜನ ಓಡಿಸ್ತಾರೆ, ರೋಡು ಕಿರಿದಾಗಿ ಅಲ್ಲಲ್ಲಿ ತಿರುವಿದ್ದು ಪಕ್ಕದಲ್ಲಿ ಮರಗಳಿದ್ರೆ ಬೋರ್ಡ್ ಇಲ್ದೇನೂ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗತ್ತೆ. ನೆದರ್‌ಲ್ಯಾಂಡ್ಸ್‌ನವ್ರು ಇದನ್ನ ಮೊದ್ಲೇ ಅರ್ಥ ಮಾಡ್ಕೊಂಡು, ಗಾಡಿಗಳು ಮನುಷ್ಯ ನಡೆಯೋ ವೇಗದಲ್ಲೇ ಹೋಗ್ಬೇಕು, ಮಕ್ಕಳು ರೋಡಲ್ಲೇ ಆಡ್ಬೋದು ಅನ್ನೋ ಬೀದಿಗಳಿಗೆ 1976ರಲ್ಲೇ ಕಾನೂನು ಮಾಡಿದ್ರು.

ಇನ್ನೊಂದು ಟೆಸ್ಟ್ ಇದೆ, ನೋಡಕ್ಕೆ ಸಣ್ಣದು ಆದ್ರೆ ತುಂಬಾ ಹೇಳತ್ತೆ. ಮಗು ಕೂತ್ಕೊಳ್ಳೋ ತಳ್ಳುಗಾಡಿ ಒಂದು ತಗೊಂಡು (ನಿಮ್ಮ ಹತ್ರ ಇಲ್ದಿದ್ರೆ ಚಕ್ರದ ಸೂಟ್‌ಕೇಸ್ ಸಾಕು) ಮನೆ ಗೇಟಿಂದ ಹತ್ತಿರದ ಪಾರ್ಕ್ ತನಕ ತಳ್ಕೊಂಡು ಹೋಗಿ. ಫುಟ್‌ಪಾತ್ ಮುಗಿಯೋ ಕಡೆ ಇಳಿಜಾರು ಇದ್ಯಾ ಇಲ್ಲಾ ಒಂದಡಿ ಎತ್ತರದಿಂದ ದಡಕ್ ಅಂತ ಇಳಿಸ್ಬೇಕಾ, ಕಂಬ ನಡುಮಧ್ಯೆ ನಿಂತಿದ್ಯಾ, ಪ್ರತಿ ಗೇಟಿಗೂ ರ‍್ಯಾಂಪ್ ಹಾಕಿ ಫುಟ್‌ಪಾತ್‌ನ ಏರಿಳಿತ ಮಾಡಿದಾರಾ, ಪಾರ್ಕ್ ಮಾಡಿರೋ ಕಾರ್ ಸುತ್ತಾಕೊಂಡು ಎಷ್ಟು ಸಲ ರೋಡಿಗಿಳಿದ್ರಿ, ಲೆಕ್ಕ ಇಟ್ಕೊಳ್ಳಿ. ಹಾಗೆ ಇಳಿದಾಗ ನಿಮಗಿಂತ ಮೊದ್ಲು ಗಾಡಿಗಳ ಮಧ್ಯೆ ಹೋಗೋದು ಮಗು, ನೀವು ಹಿಂದೆ ಇರ್ತೀರಿ. ಚಕ್ರ ಸಲೀಸಾಗಿ ಹೋಗೋ ಬೀದಿ ಮಂಡಿನೋವಿರೋ ಅಜ್ಜ ಅಜ್ಜೀಗೂ ಆಗ್ಬರತ್ತೆ.

ಮರಗಳ ಬಗ್ಗೆ ಸೆಸಿಲ್ ಕೊನಿಯನ್‌ಡೈಕ್ ಅನ್ನೋ ನಗರ ಅರಣ್ಯ ತಜ್ಞರು 2021ರಲ್ಲಿ 3-30-300 ಅಂತ ಒಂದು ಸೂತ್ರ ಕೊಟ್ರು: ಮನೆಯಿಂದ 3 ಮರ ಕಾಣ್ಬೇಕು, ಏರಿಯಾದ 30% ಮೇಲೆ ಮರದ ನೆರಳು ಇರ್ಬೇಕು, ಪಾರ್ಕು 300 ಮೀಟರ್ ಒಳಗಿರ್ಬೇಕು. ಮೂರೂ ಸಿಗೋ ಕಡೆ ಕಮ್ಮಿ, ಎರಡು ಸಿಕ್ರೂ ಬಿಡ್ಬೇಡಿ. ಪಾರ್ಕ್ ಎಷ್ಟು ದೊಡ್ಡದು ಅಂತ ತಲೆ ಕೆಡಿಸ್ಕೋಬೇಡಿ, ಸಂಜೆ ಹೊತ್ತಿಗೆ ಅಲ್ಲಿ ಬೆಂಚ್ ಮೇಲೆ ಯಾರಾದ್ರೂ ಕೂತಿದಾರಾ ನೋಡಿ, ಬರೀ ಹುಲ್ಲಿನ ಮೇಲೆ ಕಾಲಿಡಬೇಡಿ ಅನ್ನೋ ಬೋರ್ಡೇ ಇರೋ ಪಾರ್ಕು ಮಕ್ಕಳಿಗೆ ಉಪಯೋಗಕ್ಕೆ ಬರಲ್ಲ.

ಸದ್ದು ಅಳೆಯಕ್ಕೆ ಫೋನಲ್ಲೇ ಆ್ಯಪ್ ಸಿಗತ್ತೆ, ಪಕ್ಕಾ ಲೆಕ್ಕ ಬರಲ್ಲ ಆದ್ರೂ ಎರಡು ಮನೆ ಹೋಲಿಸಕ್ಕೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಕೊಟ್ಟ ಸಲಹೆ ಪ್ರಕಾರ ರಾತ್ರಿ ಹೊತ್ತು ರಸ್ತೆ ಗಾಡಿಗಳ ಸದ್ದು ಸರಾಸರಿ 45 ಡೆಸಿಬಲ್ ಒಳಗೆ ಇರ್ಬೇಕು. ಮಕ್ಕಳು ಮಲಗೋ ರೂಮು ರೋಡ್ ಕಡೆಗಿದ್ರೆ ಇದನ್ನ ಚೆಕ್ ಮಾಡ್ದೆ ಅಡ್ವಾನ್ಸ್ ಕೊಡ್ಬೇಡಿ.

ದೊಡ್ಡ ಕಾಂಪೌಂಡ್, ಗೇಟು, ಕ್ಯಾಮೆರಾ ಇದ್ರೆ ಸೇಫ್ ಅಂತ ತುಂಬಾ ಜನ ಅಂದ್ಕೋತಾರೆ. ನಾನು ಅದಕ್ಕಿಂತ ರೋಡ್ ಕಡೆ ತೆರೆಯೋ ಕಿಟಕಿ, ಜಗಲಿ, ಮೂಲೇಲಿ ರಾತ್ರಿ ತನಕ ತೆಗೆದಿರೋ ಸಣ್ಣ ಅಂಗಡಿ ಇರೋ ಬೀದೀನ ಹೆಚ್ಚು ನಂಬ್ತೀನಿ. ಬೀದಿ ಮೇಲೆ ಜನರ ಕಣ್ಣಿದ್ರೆ ಅದೇ ಕಾವಲು ಅಂತ ನಗರಗಳ ಬಗ್ಗೆ ಬರೀತಿದ್ದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಬರೆದಿದ್ರು. ಉದ್ದಕ್ಕೂ ಹತ್ತಡಿ ಗೋಡೆ ಇರೋ ರೋಡು ಫೋಟೋದಲ್ಲಿ ನೀಟಾಗಿ ಕಾಣತ್ತೆ, ಅಲ್ಲಿ ಮಗು ಬಿದ್ದು ಮಂಡಿ ತರಚ್ಕೊಂಡ್ರೆ ನೋಡೋರು ಯಾರೂ ಇರಲ್ಲ.

ಸೇರ್ಕೊಂಡ ಮೇಲೆ ಮೊದಲ ವಾರದಲ್ಲೇ ಅಕ್ಕಪಕ್ಕ, ಎದುರುಗಡೆ, ಮೇಲೆ ಕೆಳಗೆ ಎಲ್ಲಾ ಮನೆಗೂ ಹೋಗಿ ಹೆಸ್ರು ಹೇಳ್ಕೊಳ್ಳಿ, ತಡ ಮಾಡಿದಷ್ಟೂ ಸಂಕೋಚ ಜಾಸ್ತಿ ಆಗತ್ತೆ. ಮಕ್ಕಳನ್ನ ಜೊತೆಗೇ ಕರ್ಕೊಂಡು ಹೋಗಿ, ಯಾವ ಮನೆ ಬಾಗಿಲು ತಟ್ಟಬಹುದು ಅಂತ ಅವ್ರಿಗೂ ಗೊತ್ತಾಗ್ಲಿ. ಡ್ರಿಲ್ಲಿಂಗ್ ಕೆಲ್ಸ ಇದ್ರೆ ಹಿಂದಿನ ದಿನಾನೇ ಹೇಳಿ. ಏನಾದ್ರೂ ತೊಂದ್ರೆ ಆದ್ರೆ ಗ್ರೂಪಲ್ಲಿ ಮೆಸೇಜ್ ಹಾಕೋ ಮೊದ್ಲು ಹೋಗಿ ಮುಖ ನೋಡಿ ಮಾತಾಡಿ, ನಾಲ್ಕು ಜನರ ಮುಂದೆ ಬರೆದಾಗ ಸಣ್ಣ ವಿಷ್ಯಾನೂ ಮರ್ಯಾದೆ ಪ್ರಶ್ನೆ ಆಗೋಗತ್ತೆ. ದಿನಾ ಒಂದೇ ಹೊತ್ತಿಗೆ ಹೊರಗೆ ಬನ್ನಿ, ಅದೇ ಹೊತ್ತಿಗೆ ಬರೋ ಬೇರೆ ಮನೆಯವ್ರ ಪರಿಚಯ ತಾನಾಗೇ ಆಗತ್ತೆ.

ರೋಡಲ್ಲಿ ಗಾಡಿಗಳ ಹಾವಳಿ ಜಾಸ್ತಿ ಆಗ್ತಿದ್ರೆ ಒಬ್ರೇ ಹೋಗಿ ಕೂಗಾಡಿ ಪ್ರಯೋಜನ ಇಲ್ಲ. ನಾಲ್ಕೈದು ಮನೆಯವ್ರು ಸೇರಿ ಒಂದು ವಾರ ಬೆಳಗ್ಗೆ ಸಂಜೆ ಒಂದೊಂದು ಗಂಟೆ ಎಷ್ಟು ಗಾಡಿ ಹೋದ್ವು ಅಂತ ಬರೆದಿಟ್ಕೊಳ್ಳಿ, ಮಕ್ಕಳು ದಾಟೋ ಜಾಗದ ಫೋಟೋ ತೆಗೀರಿ, ಎಲ್ರೂ ಸಹಿ ಹಾಕಿ ನಗರಾಡಳಿತದ ಆಫೀಸಿಗೆ ಕೊಟ್ಟು ರಸೀದಿ ತಗೊಳ್ಳಿ. ರೋಡ್ ಸರಿ ಮಾಡಿ ಅಂತ ಬರೀಬೇಡಿ, ಇಂಥಾ ಮೂಲೇಲಿ ಹಂಪ್ ಬೇಕು, ಇಂಥಾ ಕಡೆ ಫುಟ್‌ಪಾತಿಗೆ ಇಳಿಜಾರು ಬೇಕು ಅಂತ ಜಾಗ ಸಮೇತ ಬರೀರಿ, ತಿಂಗಳಾದ್ರೂ ಉತ್ತರ ಬರ್ಲಿಲ್ಲ ಅಂದ್ರೆ ರಸೀದಿ ಹಿಡ್ಕೊಂಡು ಎಲ್ರೂ ಒಟ್ಟಿಗೆ ಹೋಗಿ ಕೇಳಿ.